ಎಸಿ ಹಾಕಿ ನಾಯೀನ ರೂಮಲ್ಲಿ ಬಿಟ್ಟು ಬಾಗಿಲು ಹಾಕ್ತೀರಾ? ಕರೆಂಟ್ ಹೋದ್ರೆ ಏನಾಗುತ್ತೆ ನೋಡಿ

ಲಗ್ಗೆರೆ: ಕೆಲವು ವರ್ಷದ ಹಿಂದಿನವರೆಗೂ ನಮ್ಮ ಏರಿಯಾದಲ್ಲಿ ಎಸಿ ಅಂದ್ರೆ ಬ್ಯಾಂಕು, ಎಟಿಎಂ, ಒಂದೆರಡು ಮೊಬೈಲ್ ಅಂಗಡಿ, ಅಷ್ಟೇ. ಈಗ ಲಗ್ಗೆರೆ ಬ್ರಿಡ್ಜ್‌ನಿಂದ ರಾಜಗೋಪಾಲನಗರದ ಕಡೆ ನಡೆದುಕೊಂಡು ಹೋದ್ರೆ 20-30 ಸೈಟಿನ ಮನೆಗಳ ಗೋಡೆಗೂ ಹೊರಗಿನ ಯೂನಿಟ್ ನೇತಾಡ್ತಿರೋದು ಕಾಣುತ್ತೆ. ಅದೇ ಮನೆಗಳಲ್ಲಿ ಪಗ್, ಶಿಟ್ಜು, ಪೊಮೆರೇನಿಯನ್, ಅಲ್ಲೊಂದು ಇಲ್ಲೊಂದು ಹಸ್ಕಿ ಕೂಡ ಇದಾವೆ. ಬೇಸಿಗೆ ಬಂದ ಕೂಡಲೇ ಎರಡು ಥರದ ಮಾತು ಶುರುವಾಗುತ್ತೆ. ಎಸಿ ಗಾಳಿ ನಾಯಿಗೆ ಆಗಲ್ಲ, ಶೀತ ಆಗುತ್ತೆ ಅನ್ನೋರು ಒಂದು ಕಡೆ. ಎಸಿ ಇದೆಯಲ್ಲ, ಇನ್ನೇನು ಯೋಚನೆ ಅನ್ನೋರು ಇನ್ನೊಂದು ಕಡೆ.

ಎರಡೂ ಪೂರ್ತಿ ಸರಿ ಅಲ್ಲ. ಎಸಿ ಓಡ್ತಿರುವಾಗ ನಾಯಿಗೆ ದೊಡ್ಡ ತೊಂದರೆ ಏನೂ ಇಲ್ಲ. ತೊಂದರೆ ಇರೋದು ಎಸಿ ನಿಂತಾಗ, ಎಸಿ ರೂಮಿಂದ ನೇರ ಬಿಸಿಲಿಗೆ ಕರ್ಕೊಂಡು ಹೋದಾಗ, ಆಮೇಲೆ ಎಸಿಯ ಹೊರಗಿನ ಯೂನಿಟ್ ಬಿಸಿ ಗಾಳಿ ಊದೋ ಜಾಗದಲ್ಲೇ ನಾಯಿ ಕಟ್ಟಿದಾಗ.

ಬೆಂಗಳೂರು ಈಗ ಹಳೇ ಬೆಂಗಳೂರಲ್ಲ ಅನ್ನೋದಕ್ಕೆ ಹವಾಮಾನ ಇಲಾಖೆಯ ಲೆಕ್ಕವೇ ಸಾಕ್ಷಿ. 2016ರ ಏಪ್ರಿಲ್‌ನಲ್ಲಿ ನಗರದ ಉಷ್ಣಾಂಶ 39.2 ಡಿಗ್ರಿ ಮುಟ್ಟಿತ್ತು. 2024ರ ಏಪ್ರಿಲ್ 28ಕ್ಕೆ 38.5 ಡಿಗ್ರಿ ಆಯ್ತು. ಇದು ನೆರಳಲ್ಲಿ ಅಳೆಯೋ ಲೆಕ್ಕ. ನಮ್ಮಲ್ಲಿ ಮೇಲಿನ ಮಹಡಿಯ ಶೀಟ್ ರೂಮಿನ ಒಳಗೆ, ಪೀಣ್ಯ ಕಡೆಯ ಶೆಡ್ಡಿನೊಳಗೆ ಮಧ್ಯಾಹ್ನ ಎಷ್ಟಿರುತ್ತೆ ಅಂತ ಅಲ್ಲಿ ಕೆಲಸ ಮಾಡೋರನ್ನೇ ಕೇಳಿ.

ನಾಯಿಗೆ ಬೆವರು ಬರಲ್ಲ, ಅದೇ ಎಲ್ಲದಕ್ಕೂ ಮೂಲ

ನಮಗೆ ಸೆಕೆ ಆದ್ರೆ ಮೈಯೆಲ್ಲ ಬೆವರುತ್ತೆ, ಫ್ಯಾನ್ ಗಾಳಿ ತಗುಲಿದ್ರೆ ತಣ್ಣಗಾಗುತ್ತೆ. ನಾಯಿಗೆ ಆ ಅನುಕೂಲ ಇಲ್ಲ. ಅದಕ್ಕೆ ಬೆವರೋದು ಪಾದದ ಅಡಿಯಲ್ಲಿ ಮಾತ್ರ, ಅದೂ ಲೆಕ್ಕಕ್ಕೆ ಬಾರದಷ್ಟು. ಒಳಗಿನ ಬಿಸಿಯನ್ನ ಅದು ಹೊರಗೆ ಹಾಕೋದು ನಾಲಗೆ ಚಾಚಿ ತೇಕೋದ್ರಿಂದ. ಬಾಯಿ, ನಾಲಗೆ, ಮೂಗಿನ ಒಳಗಿನ ತೇವ ಆವಿಯಾಗ್ತಾ ರಕ್ತ ತಣ್ಣಗಾಗುತ್ತೆ.

ಇದರಿಂದ ಎರಡು ವಿಷಯ ಗೊತ್ತಾಗುತ್ತೆ. ಒಂದು, ಒಣಗಿದ ನಾಯಿಗೆ ಬರೀ ಫ್ಯಾನ್ ಹಾಕಿದ್ರೆ ನಮಗೆ ಆಗುವಷ್ಟು ಲಾಭ ಅದಕ್ಕೆ ಆಗಲ್ಲ. ಎರಡು, ಗಾಳೀಲಿ ತೇವ ಜಾಸ್ತಿ ಇದ್ರೆ ಅದು ಎಷ್ಟು ತೇಕಿದ್ರೂ ಬಿಸಿ ಇಳಿಯಲ್ಲ. ಏಪ್ರಿಲ್ ಕೊನೇಲಿ ಸಂಜೆ ಒಂದು ಮಳೆ ಬಂದು ಮಾರನೇ ದಿನ ಮತ್ತೆ ಬಿಸಿಲು ಬೀಳುತ್ತಲ್ಲ, ಆ ಪುಳುಕ ಪುಳುಕ ಸೆಕೆಯ ದಿನ ಥರ್ಮಾಮೀಟರ್ ಕಡಿಮೆ ತೋರಿಸಿದ್ರೂ ನಾಯಿಗೆ ಜಾಸ್ತಿ ಕಷ್ಟ.

ಆರೋಗ್ಯವಾಗಿರೋ ನಾಯಿ ಮೈ ಬಿಸಿ 101ರಿಂದ 102.5 ಫ್ಯಾರನ್‌ಹೀಟ್ ಇರುತ್ತೆ. ನಮಗಿಂತ ಜಾಸ್ತಿ. ಮುಟ್ಟಿ ನೋಡಿ ಜ್ವರ ಅಂತ ಗಾಬರಿ ಬೀಳೋರು ಇದನ್ನ ನೆನಪಿಟ್ಕೊಳ್ಳಿ. 105 ದಾಟಿದ್ರೆ ಅಪಾಯ. 106 ಅಂದ್ರೆ ಸುಮಾರು 41 ಡಿಗ್ರಿ ಸೆಲ್ಸಿಯಸ್. ಅಲ್ಲಿಂದ ಮುಂದೆ ಕಿಡ್ನಿ, ಲಿವರ್, ಕರುಳು, ಮೆದುಳು ಒಂದೊಂದಾಗಿ ಕೆಡೋಕೆ ಶುರು.

ಎಷ್ಟಕ್ಕೆ ಇಡಬೇಕು

2020ರ ಜನವರಿಯಿಂದ ತಯಾರಾದ ಸ್ಟಾರ್ ಲೇಬಲ್ ಎಸಿಗಳೆಲ್ಲ ಆನ್ ಮಾಡಿದ ಕೂಡಲೇ 24 ಡಿಗ್ರಿಗೆ ನಿಲ್ಲೋ ಹಾಗೆ ಸರ್ಕಾರ ನಿಯಮ ಮಾಡಿದೆ. ಬಹುಪಾಲು ನಾಯಿಗೆ ಆ 24ರಿಂದ 26 ಸಾಕು. ಹಸ್ಕಿ ಮನೇಲಿದೆ ಅಂತ 18ಕ್ಕೆ ಇಳಿಸೋ ಅಗತ್ಯ ಇಲ್ಲ. ಗಾಳಿ ನೇರ ನಾಯಿ ಮೇಲೆ ಬೀಳದ ಹಾಗೆ ರೆಕ್ಕೆ ಮೇಲಕ್ಕೆ ತಿರುಗಿಸಿ. ಒಂದು ಮೂಲೇಲಿ ಚಾಪೆನೋ ಹಳೇ ಬೆಡ್‌ಶೀಟೋ ಹಾಕಿಡಿ, ಚಳಿ ಅನ್ನಿಸಿದ್ರೆ ಅದೇ ಹೋಗಿ ಮಲಗುತ್ತೆ. ಮರಿ, ವಯಸ್ಸಾದ ನಾಯಿ, ಕೀಲು ನೋವಿರೋ ನಾಯಿ ತಣ್ಣನೆ ಟೈಲ್ಸ್ ಮೇಲೆ ರಾತ್ರಿಯೆಲ್ಲ ಮಲಗಿದ್ರೆ ಬೆಳಿಗ್ಗೆ ಏಳೋಕೆ ಒದ್ದಾಡುತ್ತೆ. ಅಂಥವಕ್ಕೆ ಹಾಸಿಗೆ ಬೇಕೇ ಬೇಕು.

ಎಸಿ ಗಾಳಿ ಒಣ ಗಾಳಿ. ಅದಕ್ಕೇ ನೀರಿನ ಬಟ್ಟಲು ರೂಮಿನ ಒಳಗೇ ಇರ್ಲಿ, ಹೊರಗಿನ ಪ್ಯಾಸೇಜಲ್ಲಿ ಅಲ್ಲ. ಶೀತದ ವಿಷಯಕ್ಕೆ ಬಂದ್ರೆ, ನಾಯಿಗೆ ಕೆಮ್ಮು ಹತ್ತೋದು ಹೆಚ್ಚಾಗಿ ವೈರಸ್ಸು, ಬ್ಯಾಕ್ಟೀರಿಯಾದಿಂದ, ಬೇರೆ ನಾಯಿ ಸಹವಾಸದಿಂದ. ಎಸಿ ತಾನಾಗಿ ಕೆಮ್ಮು ತರಲ್ಲ. ಆದ್ರೆ ತಿಂಗಳುಗಟ್ಟಲೆ ತೊಳೆಯದ ಫಿಲ್ಟರ್ ಧೂಳು ಊದುತ್ತೆ. ನಾಯಿ ಇರೋ ಮನೇಲಿ ಕೂದಲು ಹೋಗಿ ಫಿಲ್ಟರ್ ಬೇಗ ಕಟ್ಟಿಕೊಳ್ಳುತ್ತೆ. ಹದಿನೈದು ದಿನಕ್ಕೊಮ್ಮೆ ಮುಚ್ಚಳ ತೆಗೆದು ಜಾಲರಿಯನ್ನ ನಲ್ಲಿ ಕೆಳಗೆ ಹಿಡಿದು ತೊಳೆದು, ಒಣಗಿಸಿ ಹಾಕಿ. ಮೆಕ್ಯಾನಿಕ್ ಬೇಕಾಗಿಲ್ಲ, ದುಡ್ಡೂ ಬೇಕಾಗಿಲ್ಲ.

ಇನ್ನೊಂದು ಮಾತು. ಕಿಟಕಿ ಬಾಗಿಲು ಮುಚ್ಚಿದ ಎಸಿ ರೂಮಲ್ಲಿ ಸೊಳ್ಳೆ ಬತ್ತಿ ಹಚ್ಚಿ ನಾಯಿ ಬಿಡಬೇಡಿ. ಆ ಹೊಗೆ ನಿಮಗೂ ಒಳ್ಳೇದಲ್ಲ, ನೆಲದ ಮಟ್ಟದಲ್ಲಿ ಮೂಗಿಟ್ಟು ಮಲಗೋ ಅದಕ್ಕೆ ಇನ್ನೂ ಕೆಟ್ಟದ್ದು.

ಅಸಲಿ ಅಪಾಯ: ಮುಚ್ಚಿದ ರೂಮು, ಹೋದ ಕರೆಂಟು

ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗೋ ಮನೆಗಳು ನಮ್ಮಲ್ಲಿ ಜಾಸ್ತಿ. ಗಾರ್ಮೆಂಟ್ಸು, ಪೀಣ್ಯದ ಕಂಪನಿ, ಅಂಗಡಿ. ಬೆಳಿಗ್ಗೆ ಎಂಟಕ್ಕೆ ಹೊರಟ್ರೆ ಸಂಜೆ ಆರಕ್ಕೆ ವಾಪಸ್. ಪಾಪ ನಾಯಿಗೆ ಸೆಕೆ ಆಗುತ್ತೆ ಅಂತ ಬೆಡ್‌ರೂಮಿನ ಕಿಟಕಿ ಎಲ್ಲ ಮುಚ್ಚಿ, ಎಸಿ ಹಾಕಿ, ಬಾಗಿಲು ಎಳೆದು ಹೋಗ್ತಾರೆ. ಪ್ರೀತಿಯಿಂದಲೇ ಮಾಡೋದು.

ಹನ್ನೊಂದಕ್ಕೆ ಕರೆಂಟ್ ಹೋಗುತ್ತೆ. ಬೆಸ್ಕಾಂನ ದುರಸ್ತಿ ಕೆಲಸದ ಕಡಿತ ಸಾಮಾನ್ಯವಾಗಿ ಬೆಳಿಗ್ಗೆ ಹತ್ತರಿಂದ ಮಧ್ಯಾಹ್ನ ಮೂರು ನಾಲ್ಕರವರೆಗೆ, ಸರಿಯಾಗಿ ಸುಡೋ ಹೊತ್ತಲ್ಲೇ. ಮನೆಯ ಸಣ್ಣ ಯುಪಿಎಸ್ ಲೈಟು, ಫ್ಯಾನು ಎಳೆಯುತ್ತೆ, ಎಸಿ ಎಳೆಯಲ್ಲ. ಈಗ ಆ ರೂಮಿಗೆ ಗಾಳಿ ಬರೋ ದಾರಿ ಒಂದೂ ಇಲ್ಲ. ಮೇಲೆ ಕಾದ ತಾರಸಿ, ಪಕ್ಕದಲ್ಲಿ ಬಿಸಿಲು ಹೊಡೆಯೋ ಗೋಡೆ. ನಾಯಿ ತೇಕ್ತಾ ತೇಕ್ತಾ ಅದೇ ರೂಮಿನ ಗಾಳಿಗೆ ತೇವ ಸೇರಿಸುತ್ತೆ. ಗಂಟೆ ಕಳೆದಂತೆ ಅದರ ಇದ್ದ ಒಂದೇ ಉಪಾಯ ಕೆಲಸ ಮಾಡದಂಗೆ ಆಗುತ್ತೆ. ಕಿಟಕಿ ತೆಗೆಯೋಕೆ ಅದಕ್ಕೆ ಕೈ ಇಲ್ಲ.

ಹಾಗಂತ ಎಸಿ ಬೇಡ ಅಂತ ಅಲ್ಲ. ರೂಮಿನ ಬಾಗಿಲು ಮುಚ್ಚಬೇಡಿ, ಕಲ್ಲು ಇಟ್ಟು ಅರ್ಧ ತೆಗೆದಿಡಿ. ಹಾಲಿಗೆ, ಬಚ್ಚಲಿಗೆ ಅದು ಹೋಗೋ ಹಾಗಿರಲಿ. ಬಚ್ಚಲ ನೆಲ ಮನೆಯಲ್ಲೇ ತಣ್ಣನೆ ಜಾಗ, ಕರೆಂಟ್ ಹೋದ್ರೆ ನಾಯಿ ತಾನೇ ಅಲ್ಲಿ ಹೋಗಿ ಬೀಳುತ್ತೆ. (ಫಿನಾಯಿಲು, ಬ್ಲೀಚಿಂಗ್ ಪೌಡರ್ ಮೇಲಿನ ಶೆಲ್ಫ್‌ಗೆ ಎತ್ತಿಡಿ.) ಜಾಲರಿ ಇರೋ ಕಿಟಕಿ ಒಂದನ್ನಾದ್ರೂ ಸ್ವಲ್ಪ ತೆಗೆದಿಡಿ. ತಂಪು ಸ್ವಲ್ಪ ಹೋಗುತ್ತೆ, ಬಿಲ್ಲು ಸ್ವಲ್ಪ ಏರುತ್ತೆ, ಪರವಾಗಿಲ್ಲ. ಯುಪಿಎಸ್ ಇದ್ರೆ ಆ ರೂಮಿನ ಫ್ಯಾನ್ ಅದರ ಲೈನಲ್ಲೇ ಇದೆಯಾ ಅಂತ ಒಂದು ಸಲ ಮೇನ್ ಆಫ್ ಮಾಡಿ ನೋಡಿ. ಕರೆಂಟ್ ಬಂದ ಮೇಲೆ ನಿಮ್ಮ ಎಸಿ ತಾನೇ ಆನ್ ಆಗುತ್ತಾ ಅಂತಲೂ ಪರೀಕ್ಷೆ ಮಾಡಿ. ಎಲ್ಲ ಮಾಡೆಲ್ಲೂ ಆಗಲ್ಲ.

ಎಲ್ಲಕ್ಕಿಂತ ಒಳ್ಳೇದು, ಒಂದು ಕೀ ಪಕ್ಕದ ಮನೆಯವರ ಹತ್ರ ಇರಲಿ. ಬೆಸ್ಕಾಂ ಕಡಿತದ ಏರಿಯಾ ಪಟ್ಟಿ ಮುಂಚಿನ ದಿನ ಪೇಪರ್‌ನಲ್ಲಿ ಬರುತ್ತೆ, 1912ಕ್ಕೆ ಫೋನ್ ಮಾಡಿದ್ರೂ ಕೇಳಬಹುದು. ಆ ದಿನ ಆಂಟೀನೋ ಅಜ್ಜೀನೋ ಮಧ್ಯಾಹ್ನ ಒಂದು ಸಲ ಬಾಗಿಲು ತೆಗೆದು ನೋಡಿದ್ರೆ ಸಾಕು.

ಹೊರಗಿನ ಯೂನಿಟ್ ಮುಂದೆ ಕಟ್ಟಬೇಡಿ

ಇದು ನಮ್ಮ ಕಡೆಯದೇ ಸಮಸ್ಯೆ. 20-30 ಸೈಟಲ್ಲಿ ಮನೆ ಪಕ್ಕ ಬಿಡೋದು ಎರಡೂವರೆ, ಮೂರು ಅಡಿ. ಆ ಸಂದೀಲಿ ಪಕ್ಕದ ಮನೆಯ ಎಸಿ ಯೂನಿಟ್ಟು, ಅದೇ ಸಂದೀಲಿ ಈ ಮನೆಯ ನಾಯಿ. ಎಸಿ ಬಿಸೀನ ನುಂಗಿ ಹಾಕಲ್ಲ, ರೂಮಿಂದ ತೆಗೆದು ಹೊರಗೆ ಊದುತ್ತೆ. ಎದುರಿಗೆ ಗೋಡೆ ಇದ್ರೆ ಆ ಬಿಸಿ ಅಲ್ಲೇ ಸುತ್ತುತ್ತೆ. ಒಂದು ನಿಮಿಷ ಅಲ್ಲಿ ನಿಂತು ನೋಡಿ, ಗೊತ್ತಾಗುತ್ತೆ. ಯಾರದೋ ಮನೆ ತಣ್ಣಗಾಗೋಕೆ ಇನ್ಯಾರದೋ ನಾಯಿ ಬೇಯೋದು ಅಂದ್ರೆ ಇದೇ. ನಾಯಿ ಜಾಗ ಬದಲಾಯಿಸಿ. ಅದಕ್ಕೆ ಆಗಲ್ಲ ಅಂದ್ರೆ ಯೂನಿಟ್ಟನ್ನ ತಾರಸಿಗೆ ಏರಿಸಿ ಅಂತ ಪಕ್ಕದವರನ್ನ ಒಳ್ಳೆ ಮಾತಲ್ಲಿ ಕೇಳಿ. ಎದುರಿಗೆ ಗಾಳಿ ಆಡಿದ್ರೆ ಅವರ ಎಸಿಯೂ ಚೆನ್ನಾಗಿ ಓಡುತ್ತೆ, ಕರೆಂಟೂ ಉಳಿಯುತ್ತೆ.

ಎಸಿ ಪೈಪಿಂದ ತೊಟ್ಟಿಕ್ಕೋ ನೀರಿಗೆ ಬಕೆಟ್ ಇಡೋರು 2024ರ ನೀರಿನ ಬರ ಆದಮೇಲೆ ಜಾಸ್ತಿ ಆಗಿದಾರೆ. ನೆಲ ಒರೆಸೋಕೆ, ಗಿಡಕ್ಕೆ ಹಾಕೋಕೆ ಒಳ್ಳೇದು. ನಾಯಿ ಕುಡಿಯೋ ನೀರಲ್ಲ ಅದು. ಕಾಯಿಲ್ ಮೇಲಿನ ಧೂಳು, ಪಾಚಿ ಎಲ್ಲ ತೊಳ್ಕೊಂಡು ಬರುತ್ತೆ, ಬಕೆಟಲ್ಲಿ ನಿಂತು ಇನ್ನೂ ಕೆಡುತ್ತೆ. ಬಕೆಟ್ಟಿಗೆ ಒಂದು ಮುಚ್ಚಳ ಹಾಕಿ.

ಗೃಹಜ್ಯೋತಿ ಲೆಕ್ಕ

ಎಸಿ ಮಾತು ಬಂದ್ರೆ ಬಿಲ್ಲಿನ ಮಾತು ಬರಲೇಬೇಕು. ಒಂದು ಟನ್ನಿನ ಎಸಿ ಜೋರಾಗಿ ಓಡುವಾಗ ಗಂಟೆಗೆ ಹತ್ತಿರ ಹತ್ತಿರ ಒಂದು ಯೂನಿಟ್. ಇನ್ವರ್ಟರ್ ಮಾಡೆಲ್ ಆದ್ರೆ ರೂಮು ತಣ್ಣಗಾದ ಮೇಲೆ ಕಡಿಮೆ. ದಿನಕ್ಕೆ ನಾಲ್ಕು ಗಂಟೆ ಅಂದ್ರೂ ತಿಂಗಳಿಗೆ ನೂರರಿಂದ ನೂರಿಪ್ಪತ್ತು ಯೂನಿಟ್. ಫ್ರಿಜ್ಜು, ಟಿವಿ, ಮಿಕ್ಸಿ, ಫ್ಯಾನು ಸೇರಿ ಮೊದಲೇ ನೂರು ಯೂನಿಟ್ ಸುಡೋ ಮನೆ 200 ದಾಟುತ್ತೆ. ಗೃಹಜ್ಯೋತೀಲಿ ನಿಮಗೆ ನಿಗದಿಯಾದ ಯೂನಿಟ್‌ಗಿಂತ ಜಾಸ್ತಿ ಬಳಸಿದ್ರೆ ಆ ಜಾಸ್ತಿದಕ್ಕೆ ಮಾತ್ರ ದುಡ್ಡು. 200 ದಾಟಿದ್ರೆ ಆ ತಿಂಗಳು ಪೂರ್ತಿ ಬಿಲ್ ನಿಮ್ಮದೇ. ಯೂನಿಟ್‌ಗೆ ಆರು ರೂಪಾಯಿ ಆಸುಪಾಸು ಹಿಡಿದ್ರೂ ಸಾವಿರದ ಇನ್ನೂರು ಮೇಲೆ, ಫಿಕ್ಸೆಡ್ ಚಾರ್ಜ್ ಬೇರೆ.

ನಾಯಿಗೋಸ್ಕರ ಅದನ್ನ ಕಟ್ಟೋರು ಕಟ್ತಾರೆ. ಆಗದೇ ಇರೋರು ಬೇಜಾರಾಗೋ ಅಗತ್ಯ ಇಲ್ಲ, ಯಾಕಂದ್ರೆ ಎಸಿ ಇಲ್ಲದೆಯೂ ನಾಯೀನ ಚೆನ್ನಾಗಿ ನೋಡ್ಕೊಬಹುದು. ಮೇಲೆ ಹೇಳಿದ್ನಲ್ಲ, ಒಣ ನಾಯಿಗೆ ಫ್ಯಾನು ಅಷ್ಟಕ್ಕಷ್ಟೇ ಅಂತ. ಹಾಗಾಗಿ ಹೊಟ್ಟೆ, ತೊಡೆ ಸಂದು, ಪಾದ ಒದ್ದೆ ಮಾಡಿ ಆಮೇಲೆ ಫ್ಯಾನ್ ಹಾಕಿ. ನಮ್ಮ ಬೆವರು ಮಾಡೋ ಕೆಲಸ ಆ ನೀರು ಮಾಡುತ್ತೆ. ಟೇಬಲ್ ಫ್ಯಾನ್ ನೆಲದ ಮೇಲಿಟ್ಟು, ಗೋಣಿಚೀಲ ಒದ್ದೆ ಮಾಡಿ ಹಿಂಡಿ ಹಾಸಿ ಕೊಟ್ರೆ ಬಹಳ ನಾಯಿಗಳು ಅದರ ಮೇಲಿಂದ ಏಳಲ್ಲ. ಎಂಟು ಗಂಟೆ ಓಡಿದ್ರೂ ಅರ್ಧ ಯೂನಿಟ್. ನೀರಿಗೆ ಫಿಲ್ಟರ್‌ನಿಂದ ವೇಸ್ಟ್ ಹೋಗೋ ನೀರೇ ಸಾಕು, ಕಾವೇರಿ ನೀರು ಸುರಿಯೋದು ಬೇಡ.

ಏರ್ ಕೂಲರ್ ಇಟ್ಕೊಂಡಿರೋರು ಕಿಟಕಿ ತೆಗೆದಿಡಬೇಕು. ಎಸಿಗೆ ಮುಚ್ಚೋ ಹಾಗೆ ಕೂಲರ್‌ಗೆ ಮುಚ್ಚಿದ್ರೆ ರೂಮು ತೇವ ತೇವ ಆಗಿ ನಾಯಿಗೆ ಉಲ್ಟಾ ಹೊಡೆಯುತ್ತೆ. ಮಾರ್ಚ್, ಏಪ್ರಿಲ್‌ನ ಒಣ ಬಿಸಿಲಲ್ಲಿ ಕೂಲರ್ ಚೆನ್ನಾಗಿ ಕೆಲಸ ಮಾಡುತ್ತೆ, ಮಳೆ ಶುರುವಾದ ಮೇಲೆ ಅಷ್ಟು ಇಲ್ಲ. ಟ್ಯಾಂಕಿನ ನೀರು ವಾರಕ್ಕೊಮ್ಮೆಯಾದ್ರೂ ಪೂರ್ತಿ ಖಾಲಿ ಮಾಡಿ ಉಜ್ಜಿ, ಡೆಂಗಿ ಸೊಳ್ಳೆ ಅಲ್ಲೇ ಮೊಟ್ಟೆ ಇಡೋದು. ವೈರು ಕಚ್ಚೋ ಮರಿ ಇದ್ರೆ ಪ್ಲಗ್ ಎತ್ತರದಲ್ಲಿರಲಿ.

ಶೀಟ್ ಮನೆಯವರು ಮಧ್ಯಾಹ್ನ ನಾಯೀನ ಮೇಲೆ ಇಡಲೇಬೇಡಿ. ಕೆಳಗೆ ಮೆಟ್ಟಿಲ ಅಡಿ, ಸಂಪಿನ ಪಕ್ಕದ ನೆಲ, ಎಲ್ಲಿ ಗಾಳಿ ಆಡುತ್ತೋ ಅಲ್ಲಿ. ಓನರ್ ಒಪ್ಪಲ್ಲ ಅನ್ನೋದು ಇನ್ನೊಂದು ರಾಮಾಯಣ. ಒಪ್ಪಿದ್ರೆ ಶೀಟಿನ ಮೇಲೆ ಬಿಳಿ ಬಣ್ಣ ಹೊಡೆಸಿ, ಇಲ್ಲ ತೆಂಗಿನ ಗರಿ ಹೊದಿಸಿ. ನಾಯಿಗೂ ಆಗುತ್ತೆ, ಮಲಗೋ ನಿಮಗೂ ಆಗುತ್ತೆ.

ತಣ್ಣನೆ ರೂಮಿಂದ ಕಾದ ರಸ್ತೆಗೆ

ದಿನವಿಡೀ ಎಸೀಲಿರೋ ನಾಯಿಗೆ ಬಿಸಿಲು ತಡೆಯೋ ಶಕ್ತಿ ಬೆಳೆಯಲ್ಲ. ನಾಯಿ ಮೈ ಸೆಕೆಗೆ ಹೊಂದ್ಕೊಳ್ಳೋಕೆ ಹತ್ತಿಪ್ಪತ್ತು ದಿನ ಬೇಕು, ಪೂರ್ತಿ ಹೊಂದೋಕೆ ಕೆಲವಕ್ಕೆ ಎರಡು ತಿಂಗಳೂ ಆಗುತ್ತೆ. ಅದಕ್ಕೇ ಎಸಿ ರೂಮಿಂದ ಎಬ್ಬಿಸಿ ನೇರ ರಸ್ತೆಗೆ ಇಳಿಸಬೇಡಿ. ಹತ್ತು ಹದಿನೈದು ನಿಮಿಷ ಹಾಲಲ್ಲಿ, ವರಾಂಡದಲ್ಲಿ ಬಿಡಿ. ವಾಪಸ್ ಬಂದಾಗಲೂ ಹಾಗೇ, ನೀರು ಕುಡಿಸಿ, ತೇಕೋದು ನಿಂತ ಮೇಲೆ ಒಳಗೆ.

ವಾಕಿಂಗು ಬೆಳಿಗ್ಗೆ ಏಳರ ಒಳಗೆ ಮುಗಿಸಿ. ಸಂಜೆ ಸೂರ್ಯ ಮುಳುಗಿದ ಕೂಡಲೇ ಹೊರಡಬೇಡಿ, ರಿಂಗ್ ರೋಡ್ ಸರ್ವೀಸ್ ರೋಡಿನ ಟಾರು ಆಗಲೂ ಕಾದಿರುತ್ತೆ. ಬಿಸಿಲಲ್ಲಿ ಟಾರು 50 ಡಿಗ್ರಿ ಮೀರೋದು ಮಾಮೂಲಿ. ಅಂಗೈ ಹಿಂಭಾಗ ರಸ್ತೆ ಮೇಲಿಟ್ಟು ಏಳು ಎಣಿಸಿ. ಇಡೋಕೆ ಆಗಲಿಲ್ಲ ಅಂದ್ರೆ ಅದರ ಪಾದಕ್ಕೂ ಆಗಲ್ಲ.

ಇಲ್ಲಿ ಒಂದು ವಿಷಯ ಗಟ್ಟಿಯಾಗಿ ಹೇಳಬೇಕು. ಸ್ಕೂಟರ್ ಮೇಲೆ ಕೂತು, ಚೈನ್ ಕೈಯಲ್ಲಿ ಹಿಡಿದು, ನಾಯೀನ ಪಕ್ಕದಲ್ಲಿ ಓಡಿಸ್ಕೊಂಡು ಹೋಗೋ ಹುಡುಗ್ರು ನಮ್ಮ ಏರಿಯಾದಲ್ಲಿ ಇದಾರೆ. ಇದು ವಾಕಿಂಗ್ ಅಲ್ಲ. ಇಂಗ್ಲೆಂಡಿನ ಪಶುವೈದ್ಯರು ಅಲ್ಲಿನ ಕ್ಲಿನಿಕ್ ದಾಖಲೆಗಳನ್ನ ಜೋಡಿಸಿ 2020ರಲ್ಲಿ ಮಾಡಿದ ಅಧ್ಯಯನದಲ್ಲಿ, ಸೆಕೆ ತಗುಲಿ ಬಂದ ನಾಯಿಗಳಲ್ಲಿ ನಾಲ್ಕರಲ್ಲಿ ಮೂರಕ್ಕೆ ಕಾರಣ ಓಡಾಟ, ಆಟ, ವ್ಯಾಯಾಮ ಅಂತ ಗೊತ್ತಾಯ್ತು. ಕಾರಲ್ಲಿ ಸಿಕ್ಕಿಕೊಂಡಿದ್ದು ಅದಕ್ಕಿಂತ ಎಷ್ಟೋ ಕಡಿಮೆ. ಅದೂ ಚಳಿ ದೇಶದಲ್ಲಿ. ನಾಯಿ ಒಡೆಯನ ಹಿಂದೆ ಓಡೋದು ನಿಲ್ಲಿಸಲ್ಲ, ಬೀಳೋವರೆಗೂ ಓಡುತ್ತೆ.

ಕಾರಿನ ವಿಷಯ ಚಿಕ್ಕದಾಗಿ ಹೇಳಿಬಿಡ್ತೀನಿ. ಎಸಿ ಆಫ್ ಮಾಡಿ ನಿಲ್ಲಿಸಿದ ಕಾರು ಹತ್ತು ನಿಮಿಷಕ್ಕೆ ಹತ್ತು ಡಿಗ್ರಿ ಏರುತ್ತೆ, ಅರ್ಧ ಗಂಟೆಗೆ ಇಪ್ಪತ್ತು. ಗ್ಲಾಸ್ ಒಂದಿಂಚು ಇಳಿಸಿದ್ರೆ ಹೆಚ್ಚಿನ ವ್ಯತ್ಯಾಸ ಇಲ್ಲ. ತರಕಾರಿ ತಗೊಂಡು ಐದೇ ನಿಮಿಷಕ್ಕೆ ಬರ್ತೀನಿ ಅನ್ನೋ ಐದು ನಿಮಿಷ ಎಷ್ಟು ಅಂತ ನಮಗೆಲ್ಲ ಗೊತ್ತು.

ಎಲ್ಲ ನಾಯೀನೂ ಒಂದೇ ಅಲ್ಲ

ಮೊಬೈಲ್ ಜಾಹೀರಾತಲ್ಲಿ ಬಂದು ಹಚ್ ನಾಯಿ ಅಂತಲೇ ಹೆಸರಾದ ಪಗ್‌ಗೆ ಮೂಗೇ ಇಲ್ಲ ಅನ್ನಬಹುದು. ತಣ್ಣಗಾಗೋಕೆ ಬೇಕಾದ ಆ ಒದ್ದೆ ದಾರಿ ಅದಕ್ಕೆ ಮಡಚಿ ಮುಚ್ಚಿದಂಗಿರುತ್ತೆ. ಶಿಟ್ಜು, ಬುಲ್‌ಡಾಗ್, ಬಾಕ್ಸರ್ ಕಥೆಯೂ ಇದೇ. ದಪ್ಪಗಾದ ಲ್ಯಾಬ್ರಡಾರ್, ಹೃದಯದ ತೊಂದರೆ ಇರೋದು, ಮುದಿ ನಾಯಿ, ಕಪ್ಪು ನಾಯಿ ಇವಕ್ಕೂ ಬೇಗ ಕಷ್ಟ. ನಮ್ಮ ಬೀದಿ ನಾಯಿ, ಬಾಗಲಕೋಟೆ ಕಡೆಯ ಮುಧೋಳ ನಾಯಿ ಈ ಬಿಸಿಲಿಗೇ ಹುಟ್ಟಿದ್ದು, ತೆಳ್ಳನೆ ಮೈ, ಉದ್ದ ಮೂತಿ, ಗಿಡ್ಡ ಕೂದಲು. 2005ರಲ್ಲಿ ಅಂಚೆ ಇಲಾಖೆ ಮುಧೋಳ ನಾಯಿಯ ಸ್ಟಾಂಪ್ ಕೂಡ ತಂದಿತ್ತು. ಮರಿ ಸಾಕೋ ಆಸೆ ಇರೋರು, ಅದರಲ್ಲೂ ಮೇಲಿನ ಮಹಡೀಲಿರೋರು, ಹಸ್ಕಿಗೆ ಅಡ್ವಾನ್ಸ್ ಕೊಡೋ ಮುಂಚೆ ಯೋಚನೆ ಮಾಡಿ.

ಹಸ್ಕಿ, ಪೊಮೆರೇನಿಯನ್ ಕೂದಲನ್ನ ಬೇಸಿಗೆ ಅಂತ ಚರ್ಮ ಕಾಣೋ ಹಾಗೆ ಬೋಳಿಸಬೇಡಿ. ಬಿಸಿಲು ನೇರ ಚರ್ಮಕ್ಕೆ ಬೀಳುತ್ತೆ, ಕೂದಲು ಮತ್ತೆ ಸರಿಯಾಗಿ ಬರದೇ ಇರಬಹುದು. ದಿನಾ ಬಾಚಿ ಉದುರೋ ಒಳಗೂದಲು ತೆಗೆದ್ರೆ ಸಾಕು.

ತಿನ್ನೋಕೆ ನೀರು ಮಜ್ಜಿಗೆ ಕೊಡಬಹುದು, ಉಪ್ಪು, ಒಗ್ಗರಣೆ, ಈರುಳ್ಳಿ ಇಲ್ಲದ್ದು. ಸೌತೆಕಾಯಿ, ಬೀಜ ತೆಗೆದ ಕಲ್ಲಂಗಡಿ ಚೂರು ಆಗುತ್ತೆ. ದ್ರಾಕ್ಷಿ ಒಂದೂ ಬೇಡ, ಕಿಡ್ನಿ ಕೆಡಿಸುತ್ತೆ. ಮಾವಿನ ವಾಟೆ ಸಿಗದಂಗೆ ನೋಡ್ಕೊಳ್ಳಿ, ನುಂಗಿದ್ರೆ ಕರುಳಲ್ಲಿ ಸಿಕ್ಕಿಕೊಳ್ಳುತ್ತೆ.

ಸೆಕೆ ಬಡಿದ್ರೆ: ಮೊದಲು ನೀರು, ಆಮೇಲೆ ಗಾಡಿ

ತೇಕೋದು ನಿಲ್ತಾನೇ ಇಲ್ಲ, ಜೊಲ್ಲು ಅಂಟಂಟಾಗಿ ಸುರೀತಿದೆ, ವಸಡು ಇಟ್ಟಿಗೆ ಕೆಂಪಾಗಿದೆ, ನಡೆದ್ರೆ ತೂರಾಡುತ್ತೆ, ವಾಂತಿ ಭೇದಿ, ಕರೆದ್ರೆ ತಿರುಗಿ ನೋಡಲ್ಲ. ಇವುಗಳಲ್ಲಿ ಎರಡು ಮೂರು ಒಟ್ಟಿಗೆ ಕಂಡ್ರೆ ಕಾಯಬೇಡಿ. ವಸಡು ಬಿಳಿಚಿದ್ರೆ, ನೀಲಿ ಆದ್ರೆ ಇನ್ನೂ ಕೆಟ್ಟದ್ದು.

ಗಾಬರೀಲಿ ಎಲ್ಲರೂ ಮಾಡೋದು ನಾಯೀನ ಎತ್ಕೊಂಡು ಆಸ್ಪತ್ರೆಗೆ ಓಡೋದು. ಇಲ್ಲಿಂದ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿಗೆ ಹೋಗಬೇಕು ಅಂದ್ರೆ ಗೊರಗುಂಟೆಪಾಳ್ಯ ಸಿಗ್ನಲ್ ದಾಟಬೇಕು. ಅಲ್ಲಿ ಎಷ್ಟು ಹೊತ್ತು ನಿಲ್ಲಬೇಕು ಅಂತ ನಿಮಗೆ ಹೇಳಬೇಕಾಗಿಲ್ಲ. ಅಷ್ಟು ಹೊತ್ತೂ ಆ ನಾಯಿಯ ಒಳಗಿನ ಅಂಗಗಳು ಬೇಯ್ತಾನೇ ಇರುತ್ತೆ. ಮನೇಲೇ ಮೊದಲು ತಣ್ಣಗೆ ಮಾಡಿ, ಆಮೇಲೆ ಹೊರಡಿ.

ನೆರಳಿಗೆ ತನ್ನಿ. ತಣ್ಣೀರು ಧಾರಾಳವಾಗಿ ಮೈಮೇಲೆ ಸುರೀರಿ, ಹೊಟ್ಟೆ, ಕಂಕುಳು, ತೊಡೆ ಸಂದು ನೆನೆಯಬೇಕು. ಮೂಗು ಬಾಯಿಗೆ ನೀರು ಹೋಗಬಾರದು. ಒಂದು ಎಚ್ಚರ: ಮಧ್ಯಾಹ್ನ ತಾರಸಿಯ ಸಿಂಟೆಕ್ಸ್‌ನಿಂದ ಬರೋ ನಲ್ಲಿ ನೀರು ಸುಡ್ತಿರುತ್ತೆ. ಸಂಪಿನ ನೀರು ಎತ್ತಿ, ಇಲ್ಲ ಒಳಗೆ ತುಂಬಿಟ್ಟ ಡ್ರಮ್ಮಿನ ನೀರು ಬಳಸಿ. ಐಸ್ ಹುಡುಕ್ಕೊಂಡು ಅಂಗಡಿ ಅಂಗಡಿ ತಿರುಗಬೇಡಿ. ಫ್ಯಾನ್ ಹಾಕಿ. ಎಸಿ ಇದ್ರೆ ಒದ್ದೆ ಮೈಯಲ್ಲೇ ಆ ರೂಮಿಗೆ ತನ್ನಿ. ಒದ್ದೆ ಟವಲ್ ಹೊದಿಸಿ ಬಿಡಬೇಡಿ, ಸ್ವಲ್ಪ ಹೊತ್ತಲ್ಲಿ ಅದೇ ಬಿಸಿಯಾಗಿ ಕಂಬಳಿ ಥರ ಆಗುತ್ತೆ. ಪ್ರಜ್ಞೆ ಇದ್ದು ತಾನೇ ಕುಡಿದ್ರೆ ನೀರು ಕೊಡಿ, ಬಾಯಿ ಬಿಡಿಸಿ ಹುಯ್ಯಬೇಡಿ. ಥರ್ಮಾಮೀಟರ್ ಇದ್ರೆ ಗುದದಲ್ಲಿಟ್ಟು ನೋಡಿ, 103ಕ್ಕೆ ಇಳಿದಾಗ ನೀರು ನಿಲ್ಲಿಸಿ, ಇಲ್ಲಾಂದ್ರೆ ಆಮೇಲೆ ತೀರಾ ಇಳಿದುಬಿಡುತ್ತೆ.

ಪ್ಯಾರಾಸಿಟಮಾಲ್ ಕೊಡಲೇಬೇಡಿ. ಇದು ಜ್ವರ ಅಲ್ಲ, ಆ ಮಾತ್ರೆ ಇದನ್ನ ಇಳಿಸಲ್ಲ, ಮೇಲಿಂದ ನಾಯಿಯ ಲಿವರ್ ಹಾಳು ಮಾಡಬಹುದು.

ಆಟೋದಲ್ಲಿ ಹೋದ್ರೆ ಎರಡೂ ಕಡೆ ಗಾಳಿ ಆಡುತ್ತೆ, ಒದ್ದೆ ನಾಯಿಗೆ ಅದು ಒಳ್ಳೇದು. ಕಾರಾದ್ರೆ ಮೊದಲು ಎಸಿ ಹಾಕಿ ಒಳಗೆ ತಣ್ಣಗಾದ ಮೇಲೆ ಹತ್ತಿಸಿ, ಡಿಕ್ಕೀಲಿ ಹಾಕಬೇಡಿ, ಅಲ್ಲಿಗೆ ಎಸಿ ಗಾಳಿ ತಲುಪಲ್ಲ. ಹತ್ತಿರದ ಯಾವ ಪಶು ವೈದ್ಯರು ಮಧ್ಯಾಹ್ನ ಸಿಗ್ತಾರೆ ಅಂತ ಇವತ್ತೇ ಕೇಳಿ ನಂಬರ್ ಬರ್ಕೊಳ್ಳಿ, ಬಹಳ ಕ್ಲಿನಿಕ್ ಆ ಹೊತ್ತಲ್ಲಿ ಬಂದ್. ಪಶು ಸಂಗೋಪನೆ ಇಲಾಖೆಯ ಸಹಾಯವಾಣಿ 1962 ಇದೆ. ಆದ್ರೆ ಆ ಗಾಡಿಗಳು ಮುಖ್ಯವಾಗಿ ದನಕರುಗಳಿಗೆ ಅಂತ ಇರೋದು, ಅದೇ ಬರುತ್ತೆ ಅಂತ ಕೂರೋದು ಬೇಡ. ನೀರು ಹಾಕಿದ ಮೇಲೆ ನಾಯಿ ಎದ್ದು ಓಡಾಡಿದ್ರೂ ಒಂದು ಸಲ ತೋರಿಸಿ. ಕಿಡ್ನಿ ಕೈ ಕೊಡೋದು ಒಂದೆರಡು ದಿನ ಬಿಟ್ಟು ಗೊತ್ತಾಗುತ್ತೆ.

ಇನ್ನೊಂದು: ಬೇಸಿಗೇಲಿ ಮಂಕಾಗಿ ತೇಕೋ ನಾಯಿಗೆಲ್ಲ ಸೆಕೆಯೇ ಕಾರಣ ಅಂದ್ಕೊಬೇಡಿ. ಈ ಕಾಲದಲ್ಲಿ ಉಣ್ಣೆ ಹುಳ ಜಾಸ್ತಿ, ಅದು ಕಚ್ಚಿ ಬರೋ ಜ್ವರಕ್ಕೂ ನಾಯಿ ಊಟ ಬಿಡುತ್ತೆ, ಮೂಗಲ್ಲಿ ರಕ್ತ ಬರಬಹುದು. ಎಸಿ ರೂಮಿನ ಗೋಡೆ ಬಿರುಕಲ್ಲೂ ಆ ಹುಳ ಇರುತ್ತೆ. ತಣ್ಣನೆ ರೂಮಲ್ಲಿ ಕೂತೂ ತೇಕ್ತಿದ್ರೆ ರಕ್ತ ಪರೀಕ್ಷೆ ಮಾಡಿಸಿ.

ಅಂಗಡಿಯವರಿಗೆ

ಗೋಡೌನ್, ವರ್ಕ್‌ಶಾಪ್ ಕಾಯೋಕೆ ನಾಯಿ ಸಾಕಿರೋರು ಭಾನುವಾರದ ಬಗ್ಗೆ ಯೋಚಿಸಿ. ಶಟರ್ ಇಳಿಸಿ ಹೋದ್ರೆ ಒಳಗೆ ಶೀಟಿನ ಕೆಳಗೆ ನಾಯಿ, ಚೈನು, ಶನಿವಾರ ತುಂಬಿಟ್ಟ ಒಂದು ಬಟ್ಟಲು ನೀರು. ಅದು ಮಗುಚಿದ್ರೆ ಮುಗೀತು. ಮಗುಚದ ಸಿಮೆಂಟ್ ತೊಟ್ಟಿ ಎರಡು ಇಡಿ, ಬಿಸಿಲು ಎಲ್ಲಿಂದ ಎಲ್ಲಿಗೆ ಸರಿಯುತ್ತೆ ನೋಡಿ ಚೈನು ಕಟ್ಟಿ, ಯಾರಾದ್ರೂ ಒಂದು ಸಲ ಬಂದು ನೋಡಲಿ. ಸಾಕಿದ ಪ್ರಾಣಿಗೆ ನೀರು, ನೆರಳು ಕೊಡದೆ ಇರೋದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಸೆಕ್ಷನ್ ಪ್ರಕಾರ ಅಪರಾಧ. ಮೊದಲ ಸಲದ ದಂಡ ಹತ್ತರಿಂದ ಐವತ್ತು ರೂಪಾಯಿ ಅಂತ ಬರೆದಿದ್ದಾರೆ. ಐವತ್ತು ರೂಪಾಯಿಗೆ ಈಗ ಒಂದು ಮಸಾಲೆ ದೋಸೆ ಬರೋದೂ ಕಷ್ಟ.

ಮರಿ ಮಾರೋ ಅಂಗಡಿಯವರು ರಾತ್ರಿ ಶಟರ್ ಎಳೆದು ಎಸಿ ಆಫ್ ಮಾಡಿ ಹೋಗೋದಾದ್ರೆ ಗಾಜಿನ ಬಾಕ್ಸಿನ ಮುಚ್ಚಳ ತೆಗೆದಿಟ್ಟು, ಗಾಳಿ ಕಿಂಡಿ, ಫ್ಯಾನ್ ನೋಡಿ ಹೋಗಿ. ನಾಯಿಗೆ ಸ್ನಾನ ಮಾಡಿಸೋ ಅಂಗಡೀಲಿ ಪಂಜರದೊಳಗೆ ಕೂರಿಸಿ ಬಿಸಿ ಡ್ರೈಯರ್ ಬಿಟ್ಟು ಬೇರೆ ಗಿರಾಕಿ ನೋಡೋಕೆ ಹೋಗೋದು ಬೇಡ. ಗಿರಾಕಿಗಳೂ ಕೇಳಿ, ಯಾವ ಡ್ರೈಯರ್, ಯಾರು ನಿಂತಿರ್ತಾರೆ ಅಂತ.

ಎಟಿಎಂ ಒಳಗೆ, ಮೊಬೈಲ್ ಅಂಗಡಿ ಬಾಗಿಲ ಸಂದೀಲಿ ಬರೋ ತಣ್ಣನೆ ಗಾಳಿಗೆ ಮೂಗೊಡ್ಡಿ ಮಲಗೋ ಬೀದಿ ನಾಯಿಗಳು ಮಧ್ಯಾಹ್ನ ಎಲ್ಲರಿಗೂ ಕಾಣುತ್ತೆ. ಗಿರಾಕಿ ಹೆದರ್ತಾರೆ, ಓಡಿಸಲೇಬೇಕು ಅನ್ನೋದು ನ್ಯಾಯವೇ. ಮಲಗಿದ್ದನ್ನ ಕೋಲಲ್ಲಿ ಚುಚ್ಚಿ ಎಬ್ಬಿಸಿದ್ರೆ ಕಚ್ಚೋ ಸಾಧ್ಯತೆ ಜಾಸ್ತಿ. ದೂರದಿಂದ ಸದ್ದು ಮಾಡಿ ಎಬ್ಬಿಸಿ. ಅಂಗಡಿಯಿಂದ ಹತ್ತು ಹೆಜ್ಜೆ ಆಚೆ, ನೆರಳಿರೋ ಕಡೆ ಮಣ್ಣಿನ ಇಲ್ಲ ಸಿಮೆಂಟಿನ ಬಟ್ಟಲಲ್ಲಿ ನೀರಿಟ್ರೆ ಅದು ನಿಮ್ಮ ಮೆಟ್ಟಿಲು ಬಿಟ್ಟು ಅಲ್ಲಿಗೆ ಹೋಗುತ್ತೆ. ಊಟ ಹಾಕೋದಾದ್ರೆ ನಿಗದಿ ಮಾಡಿದ ಜಾಗದಲ್ಲಿ ಮಾತ್ರ ಅಂತ 2025ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ, ಅಂಗಡಿ ಮುಂದೆ ಬಿಸ್ಕತ್ತು ಎಸೆದು ಜಗಳ ತಂದ್ಕೊಬೇಡಿ. ನೀರಿನ ಬಟ್ಟಲನ್ನ ದಿನಾ ಬೆಳಿಗ್ಗೆ ಶಟರ್ ಎತ್ತುವಾಗ ಖಾಲಿ ಮಾಡಿ, ತೆಂಗಿನ ನಾರಲ್ಲಿ ಉಜ್ಜಿ ತುಂಬಿ. ಹಳೇ ನೀರಿನ ಮೇಲೆ ಹೊಸ ನೀರು ಹುಯ್ದು ಹೋದ್ರೆ ವಾರದಲ್ಲಿ ಸೊಳ್ಳೆ ಮರಿ ಕಾಣುತ್ತೆ.